ಬ್ರಯಾನ್ ಫೆರ್ರಿ ಸಂದರ್ಶನದ ಆ ಜೋಡಿ ಪುಟ

1994ರಲ್ಲಿ ಅಮೆರಿಕದ 'ರೇ ಗನ್' ಎಂಬ ಸಂಗೀತ ಪತ್ರಿಕೆಯಲ್ಲಿ ಇಂಗ್ಲೆಂಡಿನ ಗಾಯಕ ಬ್ರಯಾನ್ ಫೆರ್ರಿ ಅವರ ಸಂದರ್ಶನ ಬಂತು. ಅದನ್ನು ಓದಲು ಆಗುತ್ತಿರಲಿಲ್ಲ. ಅಕ್ಷರ ಇರಬೇಕಾದ ಕಡೆಯೆಲ್ಲ ನಕ್ಷತ್ರ, ಹೂವು, ಹಿಮದ ಹರಳು, ತ್ರಿಕೋನ, ಕಪ್ಪು ಚೌಕ. ಪ್ರೆಸ್ಸಿನಲ್ಲಿ ಆದ ಎಡವಟ್ಟಲ್ಲ ಅದು, ಬೇಕೆಂದೇ ಮಾಡಿದ್ದು. ಪತ್ರಿಕೆಯ ಆರ್ಟ್ ಡೈರೆಕ್ಟರ್ ಡೇವಿಡ್ ಕಾರ್ಸನ್ ಅವರಿಗೆ ಆ ಬರಹ ತೀರಾ ಸಪ್ಪೆ ಅನಿಸಿತ್ತಂತೆ. ಕಂಪ್ಯೂಟರಿನಲ್ಲಿದ್ದ ಫಾಂಟುಗಳನ್ನು ಒಂದೊಂದಾಗಿ ನೋಡುತ್ತಾ ಹೋದರು, ಯಾವುದೂ ಹಿಡಿಸಲಿಲ್ಲ, ಪಟ್ಟಿಯ ಕೊನೆಗೆ ಬಂದರೆ ಅಲ್ಲಿದ್ದದ್ದು ಝಾಫ್ ಡಿಂಗ್‌ಬ್ಯಾಟ್ಸ್. ಅಕ್ಷರದ ಬದಲು ಬರೀ ಚಿಹ್ನೆ ಮೂಡಿಸುವ ಫಾಂಟ್ ಅದು. ಅದನ್ನೇ ಹಾಕಿಬಿಟ್ಟರು.

ಪುಟವಿನ್ಯಾಸದ ಮಾತು ಎಲ್ಲಿ ಬಂದರೂ ಈ ಕತೆ ಬಂದೇ ಬರುತ್ತದೆ. ಕೆಲವರು ಎಂಥ ಧೈರ್ಯ ಎನ್ನುತ್ತಾರೆ, ಕೆಲವರು ಎಂಥ ಅಹಂಕಾರ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಪುಟ ಕಟ್ಟುವುದೇ ಕೆಲಸವಾದ ನನಗೆ ಅಷ್ಟಕ್ಕೆ ಸಮಾಧಾನ ಇಲ್ಲ. ಫಾಂಟ್ ಒಂದನ್ನು ಬದಲಿಸಿದಾಗ ಪುಟದಲ್ಲಿ ಏನು ಹೋಯಿತು, ಏನು ಉಳಿಯಿತು ಅಂತ ಬಿಡಿಸಿ ನೋಡಬೇಕು. ಆಮೇಲೆ ಬೈಯೋಣ, ಹೊಗಳೋಣ.

ಮೊದಲು ಈ ಫಾಂಟಿನ ವಿಷಯ. ಹರ್ಮನ್ ಝಾಫ್ ಜರ್ಮನಿಯವರು, ಅಕ್ಷರ ವಿನ್ಯಾಸದಲ್ಲಿ ಬಹಳ ದೊಡ್ಡ ಹೆಸರು. ಪ್ಯಾಲಟಿನೋ, ಆಪ್ಟಿಮಾ ಎಂಬ ಫಾಂಟುಗಳೆರಡೂ ಅವರ ಕೈಯವೇ. 1977ರಲ್ಲಿ ಅವರು ಸುಮಾರು ಸಾವಿರ ಚಿಹ್ನೆಗಳ ಸ್ಕೆಚ್ ಬರೆದರು. ಫಾಂಟುಗಳನ್ನು ಹೊರತರುತ್ತಿದ್ದ ಅಮೆರಿಕದ ಐಟಿಸಿ ಕಂಪನಿ ಅವುಗಳಲ್ಲಿ 360 ಆರಿಸಿಕೊಂಡು 1978ರಲ್ಲಿ ಹೊರತಂದಿತು. 1986ರಲ್ಲಿ ಆಪಲ್‌ನ ಲೇಸರ್‌ರೈಟರ್ ಪ್ಲಸ್ ಪ್ರಿಂಟರಿನ ಒಳಗೇ ಈ ಫಾಂಟ್ ಸೇರಿಕೊಂಡು ಬಂದಿದ್ದರಿಂದ ಡಿಟಿಪಿ ಮಾಡುವವರೆಲ್ಲರ ಮೇಜಿಗೂ ತಲುಪಿತು. ಅದರ ಕೆಲಸ ಮಾತ್ರ ತುಂಬಾ ಚಿಕ್ಕದು. ಕೂಪನ್ ಅಂಚಿಗೆ ಕತ್ತರಿ, ನಂಬರಿನ ಪಕ್ಕ ಫೋನು, ಲೇಖನ ಮುಗಿದ ಜಾಗಕ್ಕೆ ಒಂದು ಕಪ್ಪು ಚೌಕ. ಪುಟದ ಮೂಲೆಯಲ್ಲಿ ಸುಮ್ನೆ ಇರಬೇಕಾದ ಚಿಹ್ನೆಗಳು ಅವು. ಕಾರ್ಸನ್ ಅವುಗಳನ್ನು ಮೂಲೆಯಿಂದ ಎಬ್ಬಿಸಿ ಬಾಡಿ ಟೆಕ್ಸ್ಟ್, ಅಂದರೆ ಲೇಖನದ ಮುಖ್ಯ ಬರಹ, ಮಾಡಿದರು.

ಈ ಫಾಂಟ್ ಹಾಕಿದ ಕೂಡಲೇ ಬರಹ ಅಳಿಸಿಹೋಗುವುದಿಲ್ಲ ಅನ್ನುವುದು ಗಮನಿಸಬೇಕಾದ ವಿಷಯ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಚಿಹ್ನೆ ಗೊತ್ತಾಗಿದೆ. ಸಣ್ಣಕ್ಷರದ 'ಎ' ಒತ್ತಿದರೆ ಎಸಳಿನ ಹೂವು. 'ಇ' ಒತ್ತಿದರೆ ಹಿಮದ ಹರಳು. 'ಟಿ' ತಲೆಕೆಳಗಾದ ಕಪ್ಪು ತ್ರಿಕೋನ, 'ಎಸ್' ನೆಟ್ಟಗಿನ ಕಪ್ಪು ತ್ರಿಕೋನ, 'ಎನ್' ಕಪ್ಪು ಚೌಕ, 'ಎಲ್' ಕಪ್ಪು ವೃತ್ತ. ಫೆರ್ರಿ ಎಂಬ ಹೆಸರನ್ನು ಟೈಪ್ ಮಾಡಿ ಈ ಫಾಂಟ್ ಕೊಟ್ಟು ನೋಡಿ. ನಾಲ್ಕು ಮೊನೆಯ ಕಪ್ಪು ನಕ್ಷತ್ರ, ಒಂದು ಹಿಮದ ಹರಳು, ನೆರಳಿರುವ ಎರಡು ಬಿಳಿ ಚೌಕ, ಕೊನೆಗೆ ಒಂದು ನೆಟ್ಟನೆಯ ಪಟ್ಟಿ. ಪೂರ್ಣವಿರಾಮ ಒತ್ತಿದರೆ ಪೆನ್ಸಿಲ್ ಬರುತ್ತದೆ. ಅಲ್ಪವಿರಾಮಕ್ಕೆ ಎರಡು ಬೆರಳೆತ್ತಿದ ಕೈ. ಪ್ರಶ್ನಾರ್ಥಕ ಚಿಹ್ನೆಗೆ ಶಿಲುಬೆ. ಅಂದರೆ ಮನಸ್ಸು ಮಾಡಿದರೆ, ಪಕ್ಕದಲ್ಲಿ ಪಟ್ಟಿ ಇಟ್ಟುಕೊಂಡು ಕೂತರೆ, ಹೀಗೆ ಹಾಕಿದ ಯಾವ ಬರಹವನ್ನಾದರೂ ಬಿಡಿಸಿ ಓದಬಹುದು. ಕಪ್ಪು ತ್ರಿಕೋನ, ಹೊಳಪಿನ ಗುರುತು, ಹಿಮದ ಹರಳು ಮೂರೂ ಒಟ್ಟಿಗೆ ಮತ್ತೆ ಮತ್ತೆ ಕಂಡರೆ ಅದು 'ದಿ'. ಒಂಟಿಯಾಗಿ ನಿಂತ ಬಿಳಿ ನಕ್ಷತ್ರ ಕಂಡರೆ ಅದು 'ಐ', ಅಂದರೆ 'ನಾನು'. ಗಾಯಕರ ಸಂದರ್ಶನದಲ್ಲಿ 'ನಾನು' ಎಷ್ಟು ಸಲ ಬರುತ್ತದೆ ಅಂತ ಗೊತ್ತೇ ಇದೆ.

ಹಾಗಾದರೆ ಏನು ಹೋಯಿತು? ಪದದ ಹೊರಗೆರೆ ಹೋಯಿತು. ಇಂಗ್ಲಿಷ್ ಓದುವಾಗ ಕಣ್ಣಿಗೆ ಸಹಾಯ ಮಾಡುವುದು ಅಕ್ಷರಗಳ ಏರಿಳಿತ. ಬಿ, ಡಿ, ಎಚ್‌ಗಳಿಗೆ ಮೇಲೊಂದು ಕೋಲು ಇರುತ್ತದೆ, ಜಿ, ಪಿ, ವೈಗಳಿಗೆ ಕೆಳಗೊಂದು ಬಾಲ. ಡಿಂಗ್‌ಬ್ಯಾಟ್ಸ್‌ನಲ್ಲಿ ಕೋಲೂ ಇಲ್ಲ, ಬಾಲವೂ ಇಲ್ಲ. ಎಲ್ಲ ಚಿಹ್ನೆಯೂ ಹೆಚ್ಚುಕಡಿಮೆ ಒಂದೇ ಎತ್ತರ. ಪದಗಳೆಲ್ಲ ಚಪ್ಪಟೆ ಇಟ್ಟಿಗೆ ಆಗುತ್ತವೆ. ಅದರ ಜೊತೆಗೆ ಬಣ್ಣದ ತೂಕವೂ ಕೆಡುತ್ತದೆ. ಒಳ್ಳೆಯ ಬಾಡಿ ಟೆಕ್ಸ್ಟ್ ದೂರದಿಂದ ನೋಡಿದರೆ ಒಂದೇ ಸಮನೆ ಬೂದು ಕಾಣಬೇಕು, ಪುಟ ಕಟ್ಟುವವರು ಕಣ್ಣು ಕಿರಿದು ಮಾಡಿ ಅದನ್ನೇ ನೋಡುವುದು. ಇಲ್ಲಿ 'ಎ'ಯಿಂದ 'ಕೆ'ವರೆಗಿನ ಸಣ್ಣಕ್ಷರಗಳೆಲ್ಲ ಹೂವು, ಹರಳು, ಕಿರಣಗಳ ಜಾತಿ, ತೆಳ್ಳಗೆ ಕಾಣುತ್ತವೆ. 'ಎಲ್' ದಾಟಿದ ಮೇಲೆ ವೃತ್ತ, ಚೌಕ, ತ್ರಿಕೋನ, ವಜ್ರಗಳ ಜಾತಿ, ಹೆಚ್ಚಿನವು ಗಟ್ಟಿ ಕಪ್ಪು. ಟಿ, ಎನ್, ಎಸ್ ಮೂರೂ ಇಂಗ್ಲಿಷಿನಲ್ಲಿ ಜಾಸ್ತಿ ಬಳಕೆಯ ಅಕ್ಷರಗಳು, ಮೂರೂ ಈ ಗಟ್ಟಿ ಕಪ್ಪಿನ ಗುಂಪಿಗೇ ಸೇರಿವೆ. ಹಾಗಾಗಿ ಸಾಲಿನ ತುಂಬ ಕಪ್ಪು ಕಲೆಗಳು ಚೆಲ್ಲಿದಂತೆ ಕಾಣುತ್ತವೆ, ಕಣ್ಣು ಸಾಲು ಹಿಡಿದು ಮುಂದೆ ಹೋಗದೆ ಕಲೆಯಿಂದ ಕಲೆಗೆ ಹಾರುತ್ತದೆ.

ಇಷ್ಟು ಹೋದ ಮೇಲೂ ಅದು ಪತ್ರಿಕೆಯ ಲೇಖನ ಅಂತ ಯಾರಿಗೂ ಅನುಮಾನ ಬರುವುದಿಲ್ಲ. ನನಗೆ ಈ ಜೋಡಿ ಪುಟದಲ್ಲಿ ಅತಿ ಇಷ್ಟದ ಸಂಗತಿ ಇದು. ಸಾಲುಗಳಿವೆ. ಕಾಲಂ ಇದೆ. ಪದಗಳ ನಡುವೆ ಜಾಗ ಇದೆ. ಚಿಕ್ಕ ಪದ ಯಾವುದು, ಉದ್ದ ಪದ ಯಾವುದು ಅಂತ ತಿಳಿಯುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿರುವಾಗ ಪದ ತಿಳಿಯದಿದ್ದರೂ ಜಗಳವೋ ಹರಟೆಯೋ ಅಂತ ಧಾಟಿಯಲ್ಲೇ ಗೊತ್ತಾಗುತ್ತದಲ್ಲ, ಹಾಗೆ. ಲೇಔಟ್ ಅನ್ನುವುದು ಅಕ್ಷರಕ್ಕಿಂತ ಮುಂಚೆಯೇ ಮಾತಾಡುತ್ತದೆ ಅಂತ ನಾವೆಲ್ಲ ಬಾಯಿಮಾತಿಗೆ ಹೇಳುತ್ತಿರುತ್ತೇವೆ. ಅಕ್ಷರವನ್ನೇ ತೆಗೆದು ಅದನ್ನು ತೋರಿಸಿಕೊಟ್ಟ ಪುಟ ಇದು.

ಇದಕ್ಕೂ ಹತ್ತು ವರ್ಷ ಮುಂಚೆ ಲಂಡನ್ನಿನಲ್ಲಿ ನೆವಿಲ್ ಬ್ರೋಡಿ ಎಂಬ ವಿನ್ಯಾಸಕಾರರು ಇಂಥದ್ದೇ ಒಂದು ಪ್ರಯೋಗ ಮಾಡಿದ್ದರು, ಆದರೆ ಬಹಳ ತಾಳ್ಮೆಯಿಂದ. ನಿಕ್ ಲೋಗನ್ 1980ರಲ್ಲಿ ಶುರು ಮಾಡಿದ 'ದಿ ಫೇಸ್' ಪತ್ರಿಕೆಯ ಪುಟಗಳನ್ನು ಆಗ ಬ್ರೋಡಿ ನೋಡಿಕೊಳ್ಳುತ್ತಿದ್ದರು. ಒಳಪುಟದ ಪರಿವಿಡಿಗೆ 'ಕಂಟೆಂಟ್ಸ್' ಎಂಬ ಶೀರ್ಷಿಕೆ ಇರುತ್ತಿತ್ತು. ಅದನ್ನು ಸಂಚಿಕೆಯಿಂದ ಸಂಚಿಕೆಗೆ ಒಂದಿಷ್ಟು ಮುರಿಯುತ್ತಾ ಬಂದರು, ಕೊನೆಗೆ ಅಕ್ಷರ ಅಂತ ಹೇಳಲಾಗದ ಬರೀ ಗೀಟು, ತುಂಡುಗಳು ಉಳಿದವು. ಆದರೂ ಪರಿವಿಡಿ ಎಲ್ಲಿದೆ ಅಂತ ಓದುಗರಿಗೆ ಗೊತ್ತಿತ್ತು, ಯಾಕೆಂದರೆ ಅದು ಇರುತ್ತಿದ್ದ ಜಾಗದಲ್ಲೇ ಇತ್ತು. ಬ್ರೋಡಿ ಓದುಗರ ಕೈ ಹಿಡಿದು ನಿಧಾನವಾಗಿ ಅಲ್ಲಿವರೆಗೆ ಕರೆದುಕೊಂಡು ಹೋದರು. ಕಾರ್ಸನ್ ಒಂದೇ ಏಟಿಗೆ ಮಾಡಿದರು.

ಕಾರ್ಸನ್ ಬಂದ ದಾರಿಯೂ ಬೇರೆ. ಓದಿದ್ದು ಸಮಾಜಶಾಸ್ತ್ರ, ಮಾಡುತ್ತಿದ್ದದ್ದು ಮೇಷ್ಟ್ರ ಕೆಲಸ, ಜೊತೆಗೆ ಅಲೆ ಮೇಲೆ ಹಲಗೆ ಓಡಿಸುವ ವೃತ್ತಿಪರ ಸರ್ಫರ್. ವಿನ್ಯಾಸ ಕಲಿತದ್ದು ಕೆಲವೇ ವಾರಗಳ ಕಾರ್ಯಾಗಾರಗಳಲ್ಲಿ. ಗ್ರಿಡ್, ಅಂದರೆ ಅಳತೆಯ ಗೆರೆಗಳ ಜಾಲ, ಹಾಕದೆ ಪುಟ ಕಟ್ಟಬಾರದು ಅಂತ ಕಾಲೇಜಿನಲ್ಲಿ ವರ್ಷಗಟ್ಟಲೆ ಹೇಳಿಸಿಕೊಂಡವರಲ್ಲ ಅವರು. ಸ್ಕೇಟ್‌ಬೋರ್ಡ್ ಪತ್ರಿಕೆ, ಸರ್ಫಿಂಗ್ ಪತ್ರಿಕೆಗಳನ್ನು ಮಾಡಿ, 1992ರಲ್ಲಿ ಮಾರ್ವಿನ್ ಸ್ಕಾಟ್ ಜಾರೆಟ್ ಶುರು ಮಾಡಿದ 'ರೇ ಗನ್'ಗೆ ಬಂದರು, 1995ರವರೆಗೆ ಇದ್ದರು. ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಿಂದ ಬರುತ್ತಿದ್ದ, ಹೊಸ ಬಗೆಯ ರಾಕ್ ಕೇಳುವ ಹುಡುಗ ಹುಡುಗಿಯರ ಪತ್ರಿಕೆ. ಅದರ ಪುಟಗಳಲ್ಲಿ ಕಾಲಂಗಳು ಒಂದಕ್ಕೊಂದು ತಾಗುತ್ತವೆ, ಸಾಲಿನ ಮೇಲೆ ಸಾಲು ಬೀಳುತ್ತದೆ, ಅಂಚು ಅನ್ನುವುದಕ್ಕೆ ಅಲ್ಲಿ ಬೆಲೆಯಿಲ್ಲ. ಆ ಸಂಗೀತದಲ್ಲಿ ಗಿಟಾರಿನ ಗರಗರ ಸದ್ದಿನ ಅಡಿಯಲ್ಲಿ ಹಾಡಿನ ಮಾತು ಅರ್ಧ ಮುಳುಗಿರುತ್ತಿತ್ತು, ಕೇಳುವವರು ಕಿವಿಗೊಟ್ಟು ಆರಿಸಿಕೊಳ್ಳಬೇಕಿತ್ತು. ಪುಟವೂ ಹಾಗೇ ಇತ್ತು. ಇದು ನನಗೆ ಪೂರ್ತಿ ಒಪ್ಪಿಗೆ.

ಫೆರ್ರಿ ಪುಟದ ಬಗ್ಗೆ ನನ್ನ ತಕರಾರು ಓದಲು ಬಾರದು ಅನ್ನುವುದಲ್ಲ. ಅದನ್ನು ಹೇಳಲು ಕಾರ್ಸನ್ ಅವರದೇ ಇನ್ನೊಂದು ಜೋಡಿ ಪುಟ ಬೇಕು. 'ರೇ ಗನ್'ಗೆ ಮುಂಚೆ ಅವರು 'ಬೀಚ್ ಕಲ್ಚರ್' ಎಂಬ ಪತ್ರಿಕೆ ಮಾಡುತ್ತಿದ್ದರು. ಬಂದದ್ದು ಆರೇ ಸಂಚಿಕೆ. ಅದರಲ್ಲಿ ಕಣ್ಣು ಕಾಣದ ಒಬ್ಬ ಸರ್ಫರ್ ಬಗ್ಗೆ ಲೇಖನವಿತ್ತು. ಅದನ್ನು ಅವರು ತೆರೆದದ್ದು ಎರಡು ಪುಟ ಪೂರ್ತಿ ಕಪ್ಪು ಬಳಿದು. ಪುಟ ತಿರುಗಿಸಿದ ಓದುಗರಿಗೆ ಎದುರಾಗುವುದು ಕತ್ತಲು. ಆಮೇಲೆ ಲೇಖನ ಓದಿದಾಗ ಆ ಕತ್ತಲು ಯಾರದ್ದು ಅಂತ ಗೊತ್ತಾಗುತ್ತದೆ. ಸಂಪಾದಕರನ್ನು ಒಪ್ಪಿಸಿ, ಜಾಹೀರಾತಿಗೆ ಮಾರಬಹುದಾಗಿದ್ದ ಎರಡು ಪುಟಕ್ಕೆ ಬರೀ ಇಂಕು ಸುರಿಯುವುದು ಎಂಥ ಕೆಲಸ ಅಂತ ಪ್ರೆಸ್ಸಿನಲ್ಲಿ ದುಡಿದವರಿಗೆ ಗೊತ್ತು.

ಎರಡೂ ಓದಲು ಬಾರದ ಪುಟಗಳೇ. ಆದರೆ ಕಪ್ಪು ಪುಟವನ್ನು ಎತ್ತಿ ಇನ್ನೊಂದು ಲೇಖನದ ಮುಂದೆ ಇಡಿ, ಅರ್ಥ ಕಳೆದುಕೊಳ್ಳುತ್ತದೆ. ಆ ಲೇಖನಕ್ಕೆ ಮಾತ್ರ ಹುಟ್ಟಿದ ಪುಟ ಅದು. ಡಿಂಗ್‌ಬ್ಯಾಟ್ಸ್ ಅನ್ನು ಯಾರ ಸಂದರ್ಶನಕ್ಕೆ ಬೇಕಾದರೂ ಹಾಕಬಹುದಿತ್ತು. ಕಪ್ಪು ಪುಟ ಸರ್ಫರ್ ಬಗ್ಗೆ ಹೇಳುತ್ತದೆ. ಡಿಂಗ್‌ಬ್ಯಾಟ್ಸ್ ಪುಟ ವಿನ್ಯಾಸಕಾರರ ಬೇಸರದ ಬಗ್ಗೆ ಹೇಳುತ್ತದೆ. ಜೋಡಿ ಪುಟ ನೋಡುವಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಇದೇ: ಇದನ್ನು ಇಲ್ಲಿಂದ ಕಿತ್ತು ಬೇರೆ ಕಡೆ ಅಂಟಿಸಿದರೆ ನಡೆಯುತ್ತದಾ? ನಡೆದರೆ ಏನೋ ಕಡಿಮೆಯಾಗಿದೆ ಅಂತಲೇ ನನ್ನ ಲೆಕ್ಕ. 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಆರ್ಟ್ ಡೈರೆಕ್ಟರ್ ಫ್ರೆಡ್ ವುಡ್‌ವರ್ಡ್ 1987ರಿಂದ 2001ರವರೆಗೆ ಮಾಡಿದ ಪುಟಗಳು ಕಾರ್ಸನ್‌ಗಿಂತ ಎಷ್ಟೋ ಶಿಸ್ತಿನವು. ಸುತ್ತ ಒಂದು ದಪ್ಪ, ಒಂದು ತೆಳು ಗೆರೆಯ ಚೌಕಟ್ಟು, ಒಂದು ಕಡೆ ಪುಟ ತುಂಬ ಫೋಟೋ, ಎದುರು ಪುಟದಲ್ಲಿ ಆ ಕಲಾವಿದರ ಹೆಸರಿನ ಅಕ್ಷರಗಳೇ ಇನ್ನೊಂದು ಭಾವಚಿತ್ರದಂತೆ. ಚೌಕಟ್ಟು ಎಲ್ಲರಿಗೂ ಒಂದೇ, ಆದರೆ ಒಳಗಿನ ಅಕ್ಷರ ಆಯಾ ಹೆಸರಿಗೆ ಮಾತ್ರ ಹೊಂದುತ್ತದೆ. ಓದಲೂ ಬರುತ್ತದೆ. ಅಲ್ಲಿ ಗದ್ದಲವಿಲ್ಲ ಅಂತ ಅದನ್ನು ಕಡಿಮೆ ಮಾಡಬೇಕಿಲ್ಲ.

ಫೆರ್ರಿ ವಿಷಯದಲ್ಲಿ ನನ್ನನ್ನು ಕಾಡುವುದು ಇನ್ನೊಂದಿದೆ. ಅವರು ನ್ಯೂಕಾಸಲ್‌ನಲ್ಲಿ ಚಿತ್ರಕಲೆ ಓದಿದವರು, ಪಾಪ್ ಆರ್ಟ್‌ನ ರಿಚರ್ಡ್ ಹ್ಯಾಮಿಲ್ಟನ್ ಅವರ ಶಿಷ್ಯ. ಅವರ 'ರಾಕ್ಸಿ ಮ್ಯೂಸಿಕ್' ತಂಡದ ರೆಕಾರ್ಡ್ ಕವರುಗಳು ಫ್ಯಾಷನ್ ಪತ್ರಿಕೆಯ ಮುಖಪುಟದ ಹಾಗೆ ಇರುತ್ತಿದ್ದವು. ಬಟ್ಟೆ, ಬೆಳಕು, ನಿಲುವು, ಎಲ್ಲದರಲ್ಲೂ ಹೊರಮೈಯನ್ನೇ ಕಲೆ ಮಾಡಿಕೊಂಡ ಮನುಷ್ಯ. ಅಂಥವರ ಮಾತನ್ನು ಬರೀ ಹೊರಮೈ ಆಗಿಸಿ, ಓದಬೇಡಿ, ಸುಮ್ನೆ ನೋಡಿ ಅಂತ ಹೇಳುವ ಪುಟ ನಿಜಕ್ಕೂ ಅವರಿಗೆ ಹೊಂದಬಹುದಿತ್ತು, ಅಲ್ವಾ? ಪುಟವನ್ನು ಮಾತ್ರ ನೋಡಿದವರು ಹಾಗೇ ಅರ್ಥ ಮಾಡಿಕೊಂಡರೆ ತಪ್ಪು ಅಂತ ಹೇಳಲಾರೆ. ಕಾರ್ಸನ್ ಕೊಟ್ಟ ಕಾರಣ ಮಾತ್ರ ಅದಲ್ಲ. ಬೇಸರ ಅಂದರು. ಒಳ್ಳೆಯ ಅರ್ಥವೊಂದು ಕೈಗೆಟುಕುವಷ್ಟು ಹತ್ತಿರ ಇದ್ದೂ ಅವರು ಅದನ್ನು ಎತ್ತಿಕೊಳ್ಳಲಿಲ್ಲ ಅನ್ನುವುದು ನನಗೆ ಬೇಜಾರು.

ವರದಿಗಾರರ ಕಡೆಯಿಂದಲೂ ಯೋಚಿಸಬೇಕು. ಸಂದರ್ಶನ ಅಂದರೆ ಸಮಯ ಕೇಳಿ, ಹೋಗಿ, ಮಾತಾಡಿಸಿ, ಟೇಪ್ ಕೇಳಿ ಕೇಳಿ ಬರೆದು, ತಿದ್ದಿ ಕೊಡುವ ಕೆಲಸ. ಅದು ಹೀಗೆ ಅಚ್ಚಾದದ್ದನ್ನು ನೋಡಿದವರ ಹೊಟ್ಟೆ ಉರಿಯದೆ ಇರುತ್ತದೆಯೇ? ಸಪ್ಪೆಯಾಗಿದ್ದರೆ ವಾಪಸ್ ಕಳಿಸುವುದು ಸಂಪಾದಕರ ಕೆಲಸ, ವಿನ್ಯಾಸಕಾರರದ್ದಲ್ಲ. ಆದರೆ ಈ ಕತೆ ಹೇಳುವವರು ಬಹಳಷ್ಟು ಸಲ ಬಿಟ್ಟುಬಿಡುವ ಒಂದು ಭಾಗವಿದೆ. ಅದೇ ಸಂಚಿಕೆಯ ಹಿಂಭಾಗದಲ್ಲಿ ಇಡೀ ಸಂದರ್ಶನವನ್ನು ಓದಲು ಬರುವ ಫಾಂಟಿನಲ್ಲಿ ಮತ್ತೆ ಹಾಕಿದ್ದರು. ನನಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಆ ಹಿಂಪುಟ ಇರದಿದ್ದರೆ ದುಡ್ಡು ಕೊಟ್ಟು ಕೊಂಡವರಿಗೆ ಮಾಡಿದ ಅವಮಾನ ಅಂತ ಹೇಳಿ ನಾನು ಈ ಪುಟವನ್ನು ಬಿಟ್ಟುಬಿಡುತ್ತಿದ್ದೆ. ಅದು ಇರುವುದರಿಂದ ಮುಂದಿನದು ಪೋಸ್ಟರ್ ಆಯಿತು, ಹಿಂದಿನದು ಲೇಖನ ಆಯಿತು. ಬೇಕಾದವರು ಪುಟ ತಿರುಗಿಸಿ ಹುಡುಕಿಕೊಂಡು ಹೋಗಿ ಓದಬೇಕು. ಅಷ್ಟು ಕಷ್ಟ ಕೊಡಬಹುದು, ಅದಕ್ಕಿಂತ ಜಾಸ್ತಿ ಕೊಡಬಾರದು.

ಕನ್ನಡದಲ್ಲಿ ಪುಟ ಕಟ್ಟುವವರಿಗೆ ಇಂಥ ಪುಟ ನೋಡಿ ಆಶ್ಚರ್ಯ ಆಗುವುದಕ್ಕಿಂತ ಹೊಟ್ಟೆ ಧಸಕ್ ಅನ್ನುವುದೇ ಜಾಸ್ತಿ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪ್ ಮಾಡುವ ತಂತ್ರಾಂಶಗಳ ಹಳೆಯ ಆಸ್ಕಿ (ಇಂಗ್ಲಿಷಿಗೆಂದು ಮಾಡಿದ ಸಂಕೇತ ಪಟ್ಟಿ) ಫಾಂಟುಗಳಲ್ಲಿ ಕನ್ನಡದ ತುಂಡುಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡ ಮಾಯ, ತಲೆ ಮೇಲೆ ಗೀಟು ಚುಕ್ಕಿ ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಕಾರ್ಸನ್ ಬೇಕೆಂದು ಮಾಡಿದ್ದನ್ನು ನಾವು ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಬೇಡದೆಯೇ ಅನುಭವಿಸಿದ್ದೇವೆ. ಅದರಲ್ಲೂ ಒಂದು ವ್ಯತ್ಯಾಸ ಇದೆ. ಡಿಂಗ್‌ಬ್ಯಾಟ್ಸ್‌ನಲ್ಲಿ ಒಂದು ಅಕ್ಷರಕ್ಕೆ ಒಂದೇ ಚಿಹ್ನೆ, ಆದ್ದರಿಂದ ಪದದ ಅಳತೆ ಉಳಿಯುತ್ತದೆ. ನಮ್ಮ ಆಸ್ಕಿ ಕನ್ನಡದಲ್ಲಿ ಗುಣಿತ ಬೇರೆ ತುಂಡು, ಒತ್ತು ಬೇರೆ ತುಂಡು. ಕೆಟ್ಟರೆ ಒಂದು ಅಕ್ಷರ ಎರಡು ಮೂರು ಚೂರಾಗಿ ಹರಡುತ್ತದೆ, ಸಾಲು ಉದ್ದವಾಗುತ್ತದೆ, ಕಾಲಂ ಕೂಡ ಕೆಡುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಪಟ್ಟಿಯಾದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತ್ತು, ಈ ಡಿಂಗ್‌ಬ್ಯಾಟ್ ಚಿಹ್ನೆಗಳಿಗೂ ಸಿಕ್ಕಿತ್ತು. ಆದರೂ ನಮ್ಮ ಪ್ರೆಸ್ಸುಗಳು ಆಸ್ಕಿಯಿಂದ ಹೊರಬರಲು ಎಷ್ಟು ವರ್ಷ ಬೇಕಾಯಿತು ಅಂತ ಆ ಕೆಲಸದಲ್ಲಿ ಇದ್ದವರಿಗೆ ಗೊತ್ತು. ಕೆಲವು ಕಡೆ ಇನ್ನೂ ಬಂದಿಲ್ಲ.

ಕಾರ್ಸನ್ ಥರದ ಆಟ ಕನ್ನಡದಲ್ಲಿ ಸಾಧ್ಯವೇ ಅಂತ ಯೋಚಿಸಿದ್ದೇನೆ. ದೊಡ್ಡಕ್ಷರ ಸಣ್ಣಕ್ಷರ ಬೆರೆಸುವ ಆಟ ನಮಗಿಲ್ಲ. ಸಾಲಿನ ಮೇಲೆ ಸಾಲು ತಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಹೊಡೆದು ಎರಡೂ ಹಾಳಾಗುತ್ತವೆ. ಕಿರಿದಾದ ಕಾಲಂ ಮಾಡಿದರೆ ನಮ್ಮ ಉದ್ದುದ್ದ ಪದಗಳು ಹಿಡಿಸದೆ ನಡುವೆ ದೊಡ್ಡ ದೊಡ್ಡ ಬಿಳಿ ಗುಂಡಿ ಬೀಳುತ್ತವೆ. ಅವರ ದಾರಿ ನಮ್ಮದಲ್ಲ ಅನ್ನಿಸುತ್ತದೆ. ಆದರೆ ಸಂಗೀತದ ಪುಟಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಲೇಔಟ್ ಮೊದಲಿನಿಂದ ಇದೆ. ಕರ್ನಾಟಕ ಸಂಗೀತದ, ಸ್ವರ ಹಾಕಿದ ಕೃತಿಗಳ ಪುಸ್ತಕ ತೆಗೆದು ನೋಡಿ. ಮೇಲಿನ ಸಾಲಿನಲ್ಲಿ ಸ ರಿ ಗ ಮ, ಅದರ ನೇರ ಕೆಳಗೆ ಸಾಹಿತ್ಯ. ಸ್ವರದ ತಲೆ ಮೇಲೆ ಚುಕ್ಕಿ ಇದ್ದರೆ ತಾರಸ್ಥಾಯಿ (ಮೇಲಿನ ಸ್ವರ), ಅಡಿಯಲ್ಲಿ ಇದ್ದರೆ ಮಂದ್ರ (ಕೆಳಗಿನ ಸ್ವರ). ಅಲ್ಪವಿರಾಮ ಕಂಡರೆ ಸ್ವರವನ್ನು ಒಂದು ಅಕ್ಷರ ಕಾಲ ಎಳೆಯಬೇಕು, ಅರ್ಧವಿರಾಮಕ್ಕೆ ಎರಡು. ಮೇಲೆ ಗೀಟು ಎಳೆದರೆ ವೇಗ ಎರಡರಷ್ಟು. ನೆಟ್ಟ ಗೆರೆಗಳು ತಾಳದ ಅಂಗ ಎಲ್ಲಿ ಮುಗಿಯಿತು ಅಂತ ತೋರಿಸುತ್ತವೆ. ಆ ಪುಟದಲ್ಲಿ ಜಾಗವೇ ಕಾಲ. ಸ್ವರಕ್ಕೂ ಸಾಹಿತ್ಯಕ್ಕೂ ಸಾಲು ಹೊಂದದಿದ್ದರೆ ಹಾಡುವವರು ತಪ್ಪುತ್ತಾರೆ. ಫಾಂಟ್ ಬದಲಿಸುವಾಗ ಮೇಲಿನ ಚುಕ್ಕಿ ಒಂದು ಬಿದ್ದುಹೋದರೆ ತಾರ ಷಡ್ಜ ಮಧ್ಯಕ್ಕೆ ಇಳಿದುಬಿಡುತ್ತದೆ. ಇಲ್ಲಿ ಡಿಂಗ್‌ಬ್ಯಾಟ್ಸ್ ಆಟ ಆಡಲಿಕ್ಕೇ ಬರುವುದಿಲ್ಲ.

ಆದರೆ ಇದೇ ನೊಟೇಶನ್ನನ್ನು ಒಬ್ಬ ಗಾಯಕಿಯ ಸಂದರ್ಶನದ ಆರಂಭಕ್ಕೆ ತಂದರೆ ಹೇಗಿರುತ್ತದೆ? ಅವರು ತಮ್ಮ ಗುರುಗಳಿಂದ ಕಲಿತ ಕೃತಿಯ ಒಂದು ಸಾಲು, ಅವರದೇ ನೋಟ್‌ಬುಕ್ಕಿನಿಂದ, ಎರಡೂ ಪುಟದ ಉದ್ದಕ್ಕೆ ದೊಡ್ಡದು ಮಾಡಿ. ಸ್ವರ ಓದಲು ಬಾರದ ನೂರಾರು ಓದುಗರಿಗೆ ಅದು ಚುಕ್ಕಿ, ಗೀಟು, ಅಕ್ಷರಗಳ ಚಿತ್ರ. ಬಲ್ಲವರಿಗೆ ಪುಟ ನೋಡುತ್ತಲೇ ರಾಗ ಸಿಗುತ್ತದೆ. ನಡು ಮಡಿಕೆಯಲ್ಲಿ ಯಾವ ಸ್ವರವೂ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಆವರ್ತ, ಅಂದರೆ ತಾಳದ ಒಂದು ಸುತ್ತು, ಮುಗಿಯುವ ಕಡೆಗೇ ಮಡಿಕೆ ಬಂದರೆ ಇನ್ನೂ ಚೆನ್ನ. ಸಂದರ್ಶನ ಮುಂದಿನ ಪುಟದಿಂದ ಶುರುವಾಗಲಿ, ಎಂದಿನ ಫಾಂಟಿನಲ್ಲಿ, ಒತ್ತಕ್ಷರಕ್ಕೆ ಉಸಿರಾಡಲು ಜಾಗ ಬಿಟ್ಟು. ಈ ಜೋಡಿ ಪುಟವನ್ನು ಕಿತ್ತು ಇನ್ನೊಬ್ಬರ ಸಂದರ್ಶನಕ್ಕೆ ಅಂಟಿಸಲು ಆಗುವುದಿಲ್ಲ. ಸಂಪಾದಕರು ಎರಡು ಪುಟ ಬಿಟ್ಟುಕೊಡಲು ಒಪ್ಪಿದರೆ ಮಾಡಲು ನಾನು ತಯಾರು.